ಕೇರಾಫ್ ಹೆಸರುಗಳು

ಕಳೆದ ತಿಂಗಳು ಮುಂಬಯಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಗಳಿಂದ ಹೋಗಿ ಅಲ್ಲಿ ನೆಲಸಿದವರು ಕಟ್ಟಿಕೊಂಡಿರುವ ಸಣ್ಣದೊಂದು ಸಂಘಕ್ಕೆ ಅವನು ಕಾರ್ಯದರ್ಶಿ. ಸಂಘದ ಜಾಲತಾಣವನ್ನು ಬೇರೊಂದು ಹೋಸ್ಟಿಂಗ್ ಕಂಪೆನಿಗೆ ಸ್ಥಳಾಂತರಿಸುವ ಹೊಣೆ ಅವನ ತಲೆಗೆ ಬಿದ್ದಿತ್ತು. "ಮಾಸ್ಟ್ರೇ, ಕಂಪೆನಿಯವರು ಸಿನೇಮ್ ಹಾಕಿ ಎನ್ನುತ್ತಾರೆ. ನನ್ನ ಮಗ ಅದು ಬೇಡ, ಎ ರೆಕಾರ್ಡ್ ಹಾಕುವ ಎನ್ನುತ್ತಾನೆ. ಶಾಲೆಯ ಶತಮಾನೋತ್ಸವದ ಸಮಯದಲ್ಲಿ ನಿಮಗೆ ಇದರಲ್ಲೇ ಪೆಟ್ಟು ಬಿದ್ದದ್ದಲ್ಲವೇ? ನೀವೇನು ಹೇಳುತ್ತೀರಿ?" ಎಂದು ಕೇಳಿದನು.

ಪೆಟ್ಟು ಬಿದ್ದದ್ದು ನಿಜ. ಒಮ್ಮೆಯಲ್ಲ, ಎರಡು ಬಾರಿ. ಆದರೆ ಚರಿತ್ರೆ ಕಲಿಸಿ ನಿವೃತ್ತನಾದವನಲ್ಲಿ ಇಂತಹ ಪ್ರಶ್ನೆ ಕೇಳಿದರೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಅಂದು ಫೋನಿನಲ್ಲಿ ಅರ್ಧಂಬರ್ಧ ಹೇಳಿದುದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು, ಈ ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯಿದೆ. ಅದೇ ಐಪಿ ವಿಳಾಸ. ಸಂಖ್ಯೆಯನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಾದುದರಿಂದ ನಾವು ಹೆಸರನ್ನು ಬಳಸುತ್ತೇವೆ. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನು ತಿಳಿಸುವ ಜಗದ್ವ್ಯಾಪಿ ಕಡತಕ್ಕೆ ಡಿಎನ್‌ಎಸ್ ಎಂದು ಹೆಸರು. ಅದರಲ್ಲಿ ನಮ್ಮ ಹೆಸರಿನ ಮುಂದೆ ನೇರವಾಗಿ ಸಂಖ್ಯೆಯನ್ನೇ ಬರೆದಿಟ್ಟರೆ ಅದು ಎ ದಾಖಲೆ. ಸಂಖ್ಯೆಯ ಬದಲು ಇನ್ನೊಂದು ಹೆಸರನ್ನು ಬರೆದು, "ಈ ಹೆಸರಿನವರನ್ನು ಹುಡುಕುವವರು ಆ ಹೆಸರಿನಲ್ಲಿ ವಿಚಾರಿಸಿಕೊಳ್ಳಿ" ಎಂದು ಸೂಚಿಸಿದರೆ ಅದು ಸಿನೇಮ್ ದಾಖಲೆ. ನನ್ನ ವಿದ್ಯಾರ್ಥಿಯ ಪ್ರಶ್ನೆ ಇಷ್ಟೇ: ಸಂಖ್ಯೆಯನ್ನು ಬರೆಯುವುದೋ, ಇನ್ನೊಬ್ಬರ ಹೆಸರನ್ನು ಬರೆಯುವುದೋ?

ಈ ಪ್ರಶ್ನೆಯನ್ನು ಕೇಳಿದೊಡನೆ ನನಗೆ ನೆನಪಾದುದು ಕಂಪ್ಯೂಟರ್ ಅಲ್ಲ, 1967ರಲ್ಲಿ ನನಗೆ ಮೊದಲ ನೇಮಕವಾದ ಊರಿನ ಜೀನಸು ಅಂಗಡಿ. ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದ ಹಳ್ಳಿಯದು. ಶಾಲೆ ಬಸ್ಸು ಮಾರ್ಗದಿಂದ ಎರಡು ಮೈಲು ಒಳಗೆ. ನಾನು ಬಿಡಾರ ಹೂಡಿದ್ದ ಮನೆ ಇನ್ನೂ ಆಚೆ, ಒಂದು ಸಂಕ ದಾಟಿ ಹೋಗಬೇಕಾದಲ್ಲಿ. ಮಳೆಗಾಲದಲ್ಲಿ ಆ ಸಂಕವೇ ಇರುತ್ತಿರಲಿಲ್ಲ. ಅಂಚೆಯವನು ಅಲ್ಲಿಯ ತನಕ ಬರುವುದು ಸಾಧ್ಯವಿಲ್ಲದ ಮಾತು. ಆದುದರಿಂದ ಆ ಕಡೆಯ ಎಲ್ಲ ಮನೆಗಳವರಂತೆ ನನ್ನ ಕಾಗದಪತ್ರಗಳೂ "ಕೇರಾಫ್" ಎಂಬ ಒಕ್ಕಣೆಯೊಂದಿಗೆ ಬಸ್ಸು ನಿಲ್ಲುವಲ್ಲಿನ ಅಂಗಡಿಗೆ ಬರುತ್ತಿದ್ದವು. ಅಂಗಡಿಯ ಯಜಮಾನರು ತಕ್ಕಡಿಯ ಹಿಂದೆ ತೂಗುಹಾಕಿದ ಒಂದು ಬಾಗಿದ ತಂತಿಗೆ ಕಾಗದಗಳನ್ನು ಚುಚ್ಚಿ ಇಡುತ್ತಿದ್ದರು. ಉಪ್ಪು, ಬೆಲ್ಲ, ಸೀಮೆಎಣ್ಣೆ ಒಯ್ಯಲು ಬಂದವರ ಕೈಯಲ್ಲಿ ಅವು ಊರೊಳಗೆ ಹೋಗುತ್ತಿದ್ದವು.

ಇದರಲ್ಲಿದ್ದ ಅನುಕೂಲವನ್ನು ಗಮನಿಸಿ. ನಾನು ಎರಡು ವರ್ಷಗಳಲ್ಲಿ ಮೂರು ಬಿಡಾರ ಬದಲಿಸಿದೆ. ಊರಿನಲ್ಲಿದ್ದ ತಂದೆಯವರಿಗೆ ಒಮ್ಮೆಯೂ ಹೊಸ ವಿಳಾಸ ತಿಳಿಸಬೇಕಾಗಲಿಲ್ಲ. ಅಂಗಡಿಯವರಿಗೆ ಗೊತ್ತಿದ್ದರೆ ಸಾಕಿತ್ತು. ಅಂಗಡಿಯೇ ಒಮ್ಮೆ ಮಾರ್ಗದ ಎಡದಿಂದ ಬಲಕ್ಕೆ ಸ್ಥಳಾಂತರಗೊಂಡಾಗಲೂ ಕಾಗದಗಳಿಗೆ ತೊಂದರೆಯಾಗಲಿಲ್ಲ. ಸಿನೇಮ್ ದಾಖಲೆಯ ಪರವಾಗಿ ಹೇಳಬಹುದಾದ ಮಾತೆಲ್ಲ ಇದರಲ್ಲಿದೆ: ನೀವು ಅವಲಂಬಿಸಿದವರು ತಮ್ಮ ಯಂತ್ರವನ್ನು ಎಲ್ಲಿಗೆ ಒಯ್ದರೂ, ಸಂಖ್ಯೆಯನ್ನು ಎಷ್ಟು ಬಾರಿ ಬದಲಿಸಿದರೂ, ನಿಮ್ಮ ಹೆಸರು ಅವರನ್ನು ಹಿಂಬಾಲಿಸುತ್ತದೆ; ನೀವು ಕೈಯಾಡಿಸಬೇಕಾಗಿಲ್ಲ.

ಆದರೆ ಕೇರಾಫ್ ವಿಳಾಸದಲ್ಲೊಂದು ವಿವೇಕವಿತ್ತು. ಕಾಗದಗಳು ಅಂಗಡಿಯಲ್ಲಿ ಉಳಿದರೂ ಮನಿಯಾರ್ಡರನ್ನು ಅಂಚೆಯವನು ಅಂಗಡಿಯವರ ಕೈಗೆ ಕೊಡುತ್ತಿರಲಿಲ್ಲ. ಹಣ ಯಾರ ಹೆಸರಿಗೆ ಬಂದಿದೆಯೋ ಅವರೇ ರುಜು ಹಾಕಬೇಕಾಗಿತ್ತು. ಒಂದೇ ಹೆಸರಿಗೆ ಬಂದರೂ ಒಂದೊಂದಕ್ಕೆ ಒಂದೊಂದು ದಾರಿ. ಈ ವಿವೇಕ ಡಿಎನ್‌ಎಸ್‌ನಲ್ಲಿ ಇಲ್ಲವೆಂಬುದನ್ನು ನಾನು ಬಹಳ ತಡವಾಗಿ ತಿಳಿದೆ. ಅದನ್ನು ಮುಂದೆ ಹೇಳುತ್ತೇನೆ.

ಕೇರಾಫ್ ಒಂದು ಬಗೆಯಾದರೆ, ಒಂದೇ ವಸ್ತುವಿಗೆ ಎರಡು ಮೂರು ಹೆಸರು ಅಂಟಿಕೊಳ್ಳುವುದು ಇನ್ನೊಂದು ಬಗೆ. ನಮ್ಮ ಮೂರು ಊರುಗಳಲ್ಲಿ ಇದಕ್ಕೆ ಬರಗಾಲವಿಲ್ಲ. ಬೆಳ್ತಂಗಡಿಯ ಬಳಿ ಆಕಾಶಕ್ಕೆ ತಲೆಯೆತ್ತಿ ನಿಂತ ಬಂಡೆಯನ್ನೇ ನೋಡಿ. ಜನರ ಬಾಯಲ್ಲಿ ಅದು ಗಡಾಯಿಕಲ್ಲು. ಹಳೆಯ ಹೆಸರು ನರಸಿಂಹಗಡ. 1794ರಲ್ಲಿ ಟಿಪ್ಪು ಸುಲ್ತಾನನು ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಕರೆದನು. ಬ್ರಿಟಿಷರ ಕಡತಗಳಲ್ಲಿ ಜಮಾಲಾಬಾದ್ ಉಳಿಯಿತು, ದನ ಮೇಯಿಸುವವರ ಬಾಯಲ್ಲಿ ಗಡಾಯಿಕಲ್ಲು ಉಳಿಯಿತು. ಯಾವ ಹೆಸರಿನಿಂದ ಕೇಳಿದರೂ ದಾರಿ ಅದೇ ಬಂಡೆಗೆ ಹೋಗುತ್ತದೆ.

ಮೂಡಬಿದಿರೆಯದು ಇನ್ನೂ ಸ್ವಾರಸ್ಯದ ಸಂಗತಿ. ಮೂಡಣ ದಿಕ್ಕಿನ ಬಿದಿರೆ ಅದು. ಪಡುವಣದಲ್ಲಿ ಪಡುಬಿದಿರೆ ಇದೆ. ಬಿದಿರನ್ನು ಸಂಸ್ಕೃತಕ್ಕೆ ತಿರುಗಿಸಿ ವೇಣುಪುರ ಎಂದರು, ವಂಶಪುರ ಎಂದರು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಲು ಬಂದ ಯಾತ್ರಿಕರು ಜೈನಕಾಶಿ ಎಂದರು. ಇತ್ತ ಆಡಳಿತದ ಹಣೆಬರಹ ಬೇರೆ: 1997ರಲ್ಲಿ ಉಡುಪಿ ಜಿಲ್ಲೆ ಪ್ರತ್ಯೇಕವಾದಾಗ ಕಾರ್ಕಳ ತಾಲೂಕಿನಲ್ಲಿದ್ದ ಮೂಡಬಿದಿರೆ ಮಂಗಳೂರು ತಾಲೂಕಿಗೆ ಸೇರಿತು, ಈಗ ತಾನೇ ಒಂದು ತಾಲೂಕು. ಊರು ಅಂಗುಲವೂ ಕದಲಲಿಲ್ಲ, ಲಕೋಟೆಯ ಮೇಲಿನ ಒಕ್ಕಣೆ ಎರಡು ಬಾರಿ ಬದಲಾಯಿತು.

ಬಂಟ್ವಾಳದ ಕಥೆ ಇವೆರಡಕ್ಕಿಂತ ಭಿನ್ನ. ನೇತ್ರಾವತಿಯ ದಡದ ಹಳೆಯ ಪೇಟೆ ಒಂದು ಕಾಲಕ್ಕೆ ಘಟ್ಟದ ಮೇಲಿನ ಸರಕೆಲ್ಲ ಇಳಿಯುತ್ತಿದ್ದ ಸ್ಥಳ. 1923ರ ಮಹಾಪ್ರವಾಹವನ್ನು ಅದು ಕಂಡಿತು, 1974ರದನ್ನೂ ಕಂಡಿತು. ಕಾಲಕ್ರಮದಲ್ಲಿ ವ್ಯಾಪಾರವೂ ವಾಹನಗಳೂ ಕಚೇರಿಗಳೂ ಹೆದ್ದಾರಿಯ ಕೂಡುರಸ್ತೆಗೆ ಸರಿದವು. ಆ ಹೊಸ ಪೇಟೆಗೆ ಸ್ವಂತ ಹೆಸರೇ ಇರಲಿಲ್ಲ. "ಬಂಟ್ವಾಳ ಕ್ರಾಸ್ ರೋಡ್" ಎಂದು ಹಳೆಯ ಪೇಟೆಯ ಹೆಸರನ್ನು ಹಿಡಿದುಕೊಂಡು ಗುರುತು ಹೇಳುತ್ತಿದ್ದರು. ಅದೇ ಸವೆದು ಬಿ.ಸಿ. ರೋಡ್ ಆಯಿತು. ಜೋಡುಮಾರ್ಗ ಎಂಬ ಸೊಗಸಾದ ಕನ್ನಡ ಹೆಸರು ಅಂಚೆಯ ವಿಳಾಸದಲ್ಲಿದೆ. ಆದರೆ ಬಸ್ಸಿನ ಕಂಡಕ್ಟರು ಇಂದಿಗೂ "ಬೀಸೀರೋಡ್" ಎಂದೇ ಕೂಗುತ್ತಾನೆ. ತಾಲೂಕಿನ ಹೆಸರು ಬಂಟ್ವಾಳ. ತಾಲೂಕು ಕಚೇರಿಗೆ ಹೋಗಬೇಕಾದವರು ಇಳಿಯುವುದು ಬಿ.ಸಿ. ರೋಡಿನಲ್ಲಿ. ಹೊಸಬರು ಬಂಟ್ವಾಳ ಪೇಟೆಯಲ್ಲಿ ಇಳಿದು ಕಚೇರಿಯನ್ನು ಹುಡುಕಿ ಬೆವರು ಒರೆಸಿಕೊಳ್ಳುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಈಗ ಕಂಪ್ಯೂಟರುಗಳ ಕಡೆಗೆ ಬರೋಣ.

ಅಂತರಜಾಲದ ಪೂರ್ವಜನಾದ ಆರ್ಪಾನೆಟ್ ಅಮೆರಿಕದಲ್ಲಿ 1969ರಲ್ಲಿ ಆರಂಭವಾಯಿತು. ಅದರಲ್ಲಿದ್ದ ಯಂತ್ರಗಳ ಹೆಸರು ಮತ್ತು ಸಂಖ್ಯೆಗಳ ಒಂದೇ ಒಂದು ಪಟ್ಟಿಯನ್ನು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಇಟ್ಟುಕೊಂಡಿದ್ದರು. ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಆ ಮಾಹಿತಿ ಕೇಂದ್ರದ ಮುಖ್ಯಸ್ಥೆ. ಹೊಸ ಯಂತ್ರ ಬಂದರೆ ಆ ಕೇಂದ್ರಕ್ಕೆ ತಿಳಿಸಬೇಕು. ಅವರು ಪಟ್ಟಿಯಲ್ಲಿ ಸೇರಿಸಬೇಕು. ಉಳಿದವರೆಲ್ಲ ಆಗಾಗ ಆ ಪಟ್ಟಿಯ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಶಾಲೆಯ ದಾಖಲಾತಿ ಪುಸ್ತಕದ ಹಾಗೆ. ಆ ಪಟ್ಟಿಯಲ್ಲಿಯೂ ಒಂದು ಯಂತ್ರಕ್ಕೆ ಮೊದಲು ಅಧಿಕೃತ ಹೆಸರು, ಅದರ ಬಳಿಕ ಅಡ್ಡಹೆಸರುಗಳು ಎಂಬ ಕ್ರಮವಿತ್ತು. ಅಡ್ಡಹೆಸರು ಸಿನೇಮ್‌ಗಿಂತ ಹಳೆಯದು.

ಯಂತ್ರಗಳು ನೂರರಿಂದ ನೂರಕ್ಕೆ ಏರಿದಂತೆ ಒಂದೇ ಪಟ್ಟಿ ಸಾಕಾಗದಾಯಿತು. 1983ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಡಿಎನ್‌ಎಸ್‌ನ ಮೊದಲ ಕರಡನ್ನು ಆರ್‌ಎಫ್‌ಸಿ 882 ಮತ್ತು 883 ಎಂಬ ಎರಡು ಪ್ರಕಟಣೆಗಳಲ್ಲಿ ಮುಂದಿಟ್ಟರು. ಕೇಂದ್ರದಲ್ಲಿ ಒಂದೇ ಪಟ್ಟಿ ಇರುವುದರ ಬದಲು ಪ್ರತಿಯೊಂದು ಸಂಸ್ಥೆಯೂ ತನ್ನ ಹೆಸರುಗಳ ಲೆಕ್ಕವನ್ನು ತಾನೇ ಇಟ್ಟುಕೊಳ್ಳಲಿ. ಮೇಲಿನವರು ಕೆಳಗಿನವರ ಠಿಕಾಣಿಯನ್ನಷ್ಟೇ ತಿಳಿದಿದ್ದರೆ ಸಾಕು ಎಂಬುದು ಅದರ ತಿರುಳು. ಜಿಲ್ಲೆಗೆ ತಾಲೂಕು ಗೊತ್ತು, ತಾಲೂಕಿಗೆ ಗ್ರಾಮ ಗೊತ್ತು, ಗ್ರಾಮಕ್ಕೆ ಮನೆ ಗೊತ್ತು. 1987ರ ನವೆಂಬರಿನಲ್ಲಿ ಇದೇ ವ್ಯವಸ್ಥೆ ಆರ್‌ಎಫ್‌ಸಿ 1034 ಮತ್ತು 1035 ಎಂಬ ಪರಿಷ್ಕೃತ ರೂಪದಲ್ಲಿ ಬಂದಿತು. ಇಂದಿಗೂ ಅವೆರಡೇ ಬುನಾದಿ.

ನನಗೆ ಕುತೂಹಲ ಹುಟ್ಟಿಸಿದುದು 1034ನೆಯ ಪ್ರಕಟಣೆಯಲ್ಲಿ ಸಿನೇಮ್‌ಗೆ ಕೊಟ್ಟಿರುವ ಉದಾಹರಣೆ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಒಂದು ಯಂತ್ರಕ್ಕೆ ಮೊದಲು "ಆರ್ಪಾ" ಎಂದು ಕೊನೆಗೊಳ್ಳುವ ಹಳೆಯ ಹೆಸರಿತ್ತು. ಹೊಸ ಪದ್ಧತಿಯಲ್ಲಿ "ಇಡಿಯು" ಎಂದು ಕೊನೆಗೊಳ್ಳುವ ಹೆಸರು ಬಂದಿತು. ಹಳೆಯ ಹೆಸರಿನಿಂದ ಕೇಳುವವರನ್ನು ಹೊಸ ಹೆಸರಿಗೆ ಕಳುಹಿಸಲು ಸಿನೇಮ್ ದಾಖಲೆ. ಅಂದರೆ ಎರಡು ಹೆಸರೂ ಒಂದೇ ಮನೆಯವರದು, ಒಂದೇ ಯಂತ್ರದ್ದು! ಜಮಾಲಾಬಾದ್ ಎಂದು ಕೇಳಿದವನಿಗೆ ಗಡಾಯಿಕಲ್ಲು ಎಂದು ತಿಳಿಸಿದಂತೆ. ಮಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದ ಬಳಿಕವೂ ಹಳೆಯ ಕಾಗುಣಿತದ ಕಾಗದ ಬಂದು ತಲಪಿದಂತೆ. ಸಿನೇಮ್ ಎಂಬ ಸಂಕ್ಷಿಪ್ತಾಕ್ಷರದ ಅರ್ಥವೂ "ಅಧಿಕೃತ ಹೆಸರು" ಎಂದೇ: ಅಡ್ಡಹೆಸರಿನ ಮುಂದೆ ಅಧಿಕೃತ ಹೆಸರನ್ನು ಬರೆಯುವ ಕಲಂ ಅದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಲ್ಲಿಯೇ ವಿಧಿಸಿರುವ ಒಂದು ಕಟ್ಟುಪಾಡು ಅರ್ಥವಾಗುತ್ತದೆ. ಯಾವ ಹೆಸರಿಗೆ ಸಿನೇಮ್ ಇದೆಯೋ ಆ ಹೆಸರಿಗೆ ಬೇರಾವ ದಾಖಲೆಯೂ ಇರಕೂಡದು. ಅಡ್ಡಹೆಸರೆಂದ ಮೇಲೆ ಅದಕ್ಕೆ ಸ್ವಂತ ಆಸ್ತಿಪಾಸ್ತಿ ಯಾಕೆ? ಇರುವುದೆಲ್ಲ ಅಧಿಕೃತ ಹೆಸರಿನಲ್ಲಿದೆ, ಅಲ್ಲಿಯೇ ಕೇಳಬೇಕು. ಒಂದೇ ಮನೆಯೊಳಗಿನ ವ್ಯವಹಾರವಾಗಿದ್ದಾಗ ಇದು ನ್ಯಾಯವಾದ ನಿಯಮ. 1996ರಲ್ಲಿ ಸಾಮಾನ್ಯ ತಪ್ಪುಗಳನ್ನು ಪಟ್ಟಿಮಾಡಿದ ಆರ್‌ಎಫ್‌ಸಿ 1912 ಇದನ್ನು ಪುನಃ ಎಚ್ಚರಿಸಿತು. ತಪ್ಪು ಮಾಡುವವರು ಆಗಲೇ ಹೆಚ್ಚಿದ್ದರೆಂದು ತಾನೇ ಇದರ ಅರ್ಥ?

ಇತ್ತ ನಮ್ಮ ದೇಶದಲ್ಲಿ ಡಾಟ್ ಇನ್ ಎಂಬ ರಾಷ್ಟ್ರೀಯ ಪ್ರತ್ಯಯ 1989ರಲ್ಲಿಯೇ ನೋಂದಣಿಯಾಗಿತ್ತಾದರೂ, ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಅದೂ ಮಹಾನಗರಗಳಲ್ಲಿ. ಮರುವರ್ಷ ಯು.ಬಿ. ಪವನಜರ ವಿಶ್ವಕನ್ನಡ ತಾಣ ಆರಂಭವಾಗಿ ಕನ್ನಡವೂ ಜಾಲಕ್ಕೆ ಏರಿತು. ಬಿ.ಸಿ. ರೋಡಿನ ಮಹಡಿಯ ಮೇಲೊಂದು ಸೈಬರ್ ಕೆಫೆಯಲ್ಲಿ ಗಂಟೆಗೆ ಇಂತಿಷ್ಟೆಂದು ಹಣ ತೆತ್ತು, ನಾನು ಮೊದಲ ಮಿಂಚಂಚೆ ಕಳುಹಿಸಿದ್ದು 2001ರಲ್ಲಿ.

ಆ ದಿನಗಳಲ್ಲಿ ಜಾಲತಾಣ ಮಾಡಿಕೊಳ್ಳುವವರು ಸ್ವಂತ ಹೆಸರಿನ ಗೊಡವೆಗೇ ಹೋಗುತ್ತಿರಲಿಲ್ಲ. ಜಿಯೋಸಿಟೀಸ್‌ನಂತಹ ಕಡೆ ಪುಕ್ಕಟೆ ಜಾಗ ಸಿಗುತ್ತಿತ್ತು. ಅಲ್ಲಿ ಬಡಾವಣೆಯ ಹೆಸರು, ಮನೆ ನಂಬರು ಎಂದೇ ವಿಳಾಸ ಹಂಚುತ್ತಿದ್ದರು. 2009ರ ಅಕ್ಟೋಬರಿನಲ್ಲಿ ಆ ಊರಿಗೆ ಊರೇ ಮುಚ್ಚಿಹೋಯಿತು. ಹೆಸರು ತಮ್ಮದಲ್ಲದವರಿಗೆ "ನಾವು ಇಲ್ಲಿಗೆ ಹೋಗಿದ್ದೇವೆ" ಎಂದು ಚೀಟಿ ಅಂಟಿಸಲು ಬಾಗಿಲೂ ಉಳಿಯಲಿಲ್ಲ. ಈ ನಡುವೆ 2005ರಲ್ಲಿ ಡಾಟ್ ಇನ್ ಹೆಸರುಗಳು ಎಲ್ಲರಿಗೂ ಸುಲಭವಾಗಿ ಸಿಗುವಂತಾಯಿತು. 2007ರ ಹೊತ್ತಿಗೆ ಗೂಗಲಿನ ಬ್ಲಾಗರ್ ಸೇವೆಯಲ್ಲಿ ಬರೆಯುವವರು ಸ್ವಂತ ಹೆಸರನ್ನೇ ಬಳಸುವ ಸೌಲಭ್ಯ ಬಂದಿತು. ಅದಕ್ಕೆ ಅವರು ಹೇಳಿದ ವಿಧಾನ: ನಿಮ್ಮ ಹೆಸರಿನ ಮುಂದೆ "ಜಿಎಚ್‌ಎಸ್ ಡಾಟ್ ಗೂಗಲ್ ಡಾಟ್ ಕಾಂ" ಎಂದು ಸಿನೇಮ್ ಬರೆಯಿರಿ.

ಚರಿತ್ರೆಯ ತಿರುವು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. 1987ರಲ್ಲಿ ಒಂದು ಮನೆಯೊಳಗಿನ ಅಡ್ಡಹೆಸರಿಗಾಗಿ ಮಾಡಿದ ಕಲಮನ್ನು ಇಪ್ಪತ್ತು ವರ್ಷಗಳ ತರುವಾಯ ಪರರ ಅಂಗಡಿಯ ಕೇರಾಫ್ ವಿಳಾಸಕ್ಕಾಗಿ ಬಳಸತೊಡಗಿದರು. ಆದರೆ ನಿಯಮಗಳು ಅಡ್ಡಹೆಸರಿನವೇ ಉಳಿದವು. ಹೊಸಬರು ಬೀಳುವ ಗುಂಡಿಗಳಲ್ಲಿ ಹೆಚ್ಚಿನವು ಈ ಒಂದು ಹೊಂದಾಣಿಕೆಯಾಗದ ಸಂದಿನಲ್ಲಿವೆ. ನಾವು ಬಿದ್ದುದೂ ಅಲ್ಲಿಯೇ.

ನಾನು ಕೊನೆಗೆ ಕೆಲಸಮಾಡಿದ ಶಾಲೆಗೆ 2012ರಲ್ಲಿ ನೂರು ತುಂಬಿತು. ಎರಡು ವರ್ಷ ಮೊದಲೇ ಸಮಿತಿಯೊಂದು ರಚನೆಯಾಗಿ, ಮೂಡಬಿದಿರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಯ ಹೆಸರಿನಲ್ಲಿ ಡೊಮೈನ್ ಕೊಂಡು, ಒಂದು ಕಂಪೆನಿಯ ಅಗ್ಗದ ಸೇವೆಯಲ್ಲಿ ತಾಣ ಮಾಡಿಕೊಟ್ಟನು. ಡಬ್ಲ್ಯುಡಬ್ಲ್ಯುಡಬ್ಲ್ಯು ಎಂದು ಆರಂಭವಾಗುವ ಹೆಸರಿಗೆ ಸಿನೇಮ್ ಹಾಕಿದ್ದನು. ಅದು ಸರಿಯಾಗಿಯೇ ಇತ್ತು. ಮಿಂಚಂಚೆಗೆ ಬೇರೆಯೇ ಏರ್ಪಾಡು. ಅದಕ್ಕೆ ಎಂಎಕ್ಸ್ ಎಂಬ ಬೇರೆ ದಾಖಲೆಯಿರುತ್ತದೆ. ದೇಶವಿದೇಶಗಳಿಂದ ಕಾಗದಗಳು ಬರತೊಡಗಿದವು.

ಸಮಿತಿಯ ಹಿರಿಯರೊಬ್ಬರಿಗೆ ಮೂರು ಡಬ್ಲ್ಯು ಒತ್ತುವುದು ಬೇಸರದ ಕೆಲಸ. "ಬರೇ ಶಾಲೆಯ ಹೆಸರು ಹೊಡೆದರೆ ಏನೂ ಬರುವುದಿಲ್ಲವಲ್ಲ ಮಾರಾಯ" ಎಂದು ಆ ಹುಡುಗನನ್ನು ದಬಾಯಿಸಿದರು. ಅವನು ಬರಿಯ ಹೆಸರಿಗೂ ಒಂದು ಸಿನೇಮ್ ಎಳೆದುಬಿಟ್ಟನು. ನೋಂದಣಿ ಕಂಪೆನಿಯ ಪುಟ ಅದನ್ನು ತಡೆಯಲಿಲ್ಲ. ತಾಣ ಚೆನ್ನಾಗಿ ಕಾಣಿಸಿತು, ಹಿರಿಯರಿಗೂ ಸಮಾಧಾನವಾಯಿತು. ಮಿಂಚಂಚೆ ನಿಂತುಹೋಯಿತು.

ಯಾಕೆಂದರೆ ಬರಿಯ ಹೆಸರೇ ಮನೆಯ ಬುಡ. ಅದರಲ್ಲಿ ಈ ಹೆಸರಿನ ಲೆಕ್ಕ ಇಡುವವರು ಯಾರೆಂಬ ಎಸ್‌ಒಎ, ಎನ್‌ಎಸ್ ದಾಖಲೆಗಳು ಇರಲೇಬೇಕು. ಮಿಂಚಂಚೆಯ ಎಂಎಕ್ಸ್ ಕೂಡ ಅಲ್ಲಿಯೇ. ಸಿನೇಮ್ ಬಂದರೆ ಬೇರೇನೂ ಇರಕೂಡದೆಂಬ ನಿಯಮವಿರುವಾಗ ಇವೆರಡೂ ಒಟ್ಟಿಗೆ ಇರುವುದು ಹೇಗೆ? ಕಾಗದ ಕಳುಹಿಸುವ ಯಂತ್ರಗಳು ಸಿನೇಮ್ ಅನ್ನು ನಂಬಿ ತಾಣದ ಕಂಪೆನಿಯ ಬಾಗಿಲಿಗೆ ಹೋದವು. ಆ ಕಂಪೆನಿಯ ಯಂತ್ರ "ಈ ಹೆಸರಿನವರು ಇಲ್ಲಿಲ್ಲ" ಎಂದು ಹಿಂದಿರುಗಿಸಿತು. ಕೇರಾಫ್ ಅಂಗಡಿಗೆ ಕಾಗದ ಮಾತ್ರ ಹೋಗಲಿ, ಮನಿಯಾರ್ಡರು ನನ್ನ ಕೈಗೇ ಬರಲಿ ಎಂದು ಹೇಳುವ ಅವಕಾಶ ಇಲ್ಲಿರಲಿಲ್ಲ.

ಮೂರು ವಾರ ನಮಗೆ ಗೊತ್ತೇ ಆಗಲಿಲ್ಲ. ಬಾರದ ಕಾಗದ ಸದ್ದು ಮಾಡುವುದಿಲ್ಲವಷ್ಟೆ. ಸ್ಮರಣ ಸಂಚಿಕೆಗೆ 1950ರ ದಶಕದ ಒಂದೇ ಒಂದು ಚಿತ್ರವೂ ನಮ್ಮಲ್ಲಿ ಇರಲಿಲ್ಲ. ಹಳೆಯ ಮುಖ್ಯೋಪಾಧ್ಯಾಯರೊಬ್ಬರ ಮಗ, ಎಂಬತ್ತರ ಸಮೀಪದವರು, ಮುಂಬಯಿಯಲ್ಲಿದ್ದರು. ಅವರು ಮೊಮ್ಮಗಳ ಕೈಯಿಂದ ಎರಡು ಬಾರಿ ಚಿತ್ರ ಕಳುಹಿಸಿ, ಎರಡು ಬಾರಿಯೂ ಮರಳಿ ಬಂದಾಗ, ತಮ್ಮ ತಂದೆಯ ಕಾಲದ ನೆನಪು ಈಗಿನವರಿಗೆ ಬೇಡವಾಗಿದೆಯೆಂದು ತಿಳಿದು ಸುಮ್ಮನಾದರು. ಸಂಚಿಕೆ ಆ ಚಿತ್ರವಿಲ್ಲದೆಯೇ ಅಚ್ಚಾಯಿತು. ಮರುವರ್ಷ ಮದುವೆಯೊಂದರಲ್ಲಿ ಅವರ ತಂಗಿಯ ಬಾಯಿಂದ ಸಂಗತಿ ತಿಳಿದು ನಾನು ಮುಂಬಯಿಗೆ ಕ್ಷಮಾಪಣೆಯ ಕಾಗದ ಬರೆದೆ. ಉತ್ತರವಾಗಿ ದಪ್ಪ ರಟ್ಟಿನ ನಡುವೆ ಇಟ್ಟ ಚಿತ್ರವೇ ಅಂಚೆಯಲ್ಲಿ ಬಂದಿತು. ಇಪ್ಪತ್ತಾರು ಮಕ್ಕಳು, ಮೂವರು ಶಿಕ್ಷಕರು, ಹುಲ್ಲಿನ ಮಾಡು. ಈಗ ಶಾಲೆಯ ಕಚೇರಿಯ ಗೋಡೆಯಲ್ಲಿದೆ. ಪುಸ್ತಕದಲ್ಲಿ ಇಲ್ಲ.

ಎರಡನೆಯ ಪೆಟ್ಟು ಬೇರೆ ತೆರನಾದುದು. ಉತ್ಸವ ಮುಗಿದು ಕೆಲವು ವರ್ಷಗಳಾದ ಮೇಲೆ ತಾಣದ ಸೇವೆಗೆ ಹಣ ಕಟ್ಟುವವರಿಲ್ಲದೆ ಅದನ್ನು ನಿಲ್ಲಿಸಿದೆವು. ಡೊಮೈನ್ ಹೆಸರನ್ನು ಮಾತ್ರ, ಶಾಲೆಯದ್ದಲ್ಲವೇ ಎಂಬ ಮಮತೆಯಿಂದ, ವರ್ಷ ವರ್ಷ ನವೀಕರಿಸುತ್ತಿದ್ದೆವು. ಹಳೆಯ ಸಿನೇಮ್ ಅಳಿಸಲು ಯಾರಿಗೂ ನೆನಪಾಗಲಿಲ್ಲ. 2017ರಲ್ಲಿ ಒಂದು ದಿನ ಪೋಷಕರೊಬ್ಬರು ಮನೆಗೇ ಬಂದು, "ಏನು ಮಾಸ್ಟ್ರೇ, ಶಾಲೆಯ ಹೆಸರಿನಲ್ಲಿ ಇಸ್ಪೀಟು ಆಡಿಸುತ್ತಿದ್ದೀರಂತೆ!" ಎಂದರು. ನೋಡಿದರೆ ಹೌದು, ಸರಸ್ವತಿಯ ಚಿತ್ರವಿದ್ದ ಪುಟದಲ್ಲಿ ಜೂಜಾಟದ ಜಾಹೀರಾತು.

ಇದು ಹೇಗಾಯಿತೆಂಬುದನ್ನು ತಿಳಿಯಲು ಒಂದು ಸಂಗತಿ ಗೊತ್ತಿರಬೇಕು. ಒಂದೇ ಯಂತ್ರದಲ್ಲಿ ಸಾವಿರಾರು ತಾಣಗಳು ಬಾಡಿಗೆಗೆ ಇರುತ್ತವೆ. ಬಂದವರು ಯಾವ ಹೆಸರನ್ನು ಹೇಳುತ್ತಾರೋ ಆ ಹೆಸರಿನ ಕೋಣೆಯನ್ನು ಯಂತ್ರ ತೆರೆಯುತ್ತದೆ. ಆದುದರಿಂದ ಸಿನೇಮ್ ಹಾಕಿದರಷ್ಟೇ ಸಾಲದು. "ಈ ಹೆಸರು ನಮ್ಮದು" ಎಂದು ಅಂಗಡಿಯವರಿಗೂ ತಿಳಿಸಿರಬೇಕು. ನಾವು ಕೋಣೆ ಬಿಟ್ಟು ಬಂದೆವು. ಆದರೆ ನಮ್ಮ ಹೆಸರು ಇನ್ನೂ ಆ ಅಂಗಡಿಯತ್ತ ಕೈತೋರಿಸುತ್ತಲೇ ಇತ್ತು. ಇನ್ನೊಬ್ಬ ಗಿರಾಕಿ ಬಂದು ಆ ಹೆಸರು ತನ್ನದೆಂದನು. ಅಂಗಡಿಯವರು ವಿಚಾರಿಸದೆ ಕೋಣೆ ಕೊಟ್ಟರು. ಪ್ರಪಂಚದಾದ್ಯಂತ ದೊಡ್ಡ ದೊಡ್ಡ ಸಂಸ್ಥೆಗಳೂ ಇದೇ ರೀತಿ ಮೋಸಹೋಗಿವೆ. 2014ರಿಂದೀಚೆಗೆ ಭದ್ರತಾ ತಜ್ಞರು ಈ ವಿಚಾರದಲ್ಲಿ ಎಚ್ಚರಿಸುತ್ತ ಬಂದಿದ್ದಾರೆ. ಈಗ ಹಲವು ಕಂಪೆನಿಗಳು ಹೆಸರಿನ ಒಡೆತನಕ್ಕೆ ಪುರಾವೆ ಕೇಳುತ್ತವೆ. ನನ್ನ ಮೊದಲ ಊರಿನ ಅಂಗಡಿ ಕೈಬದಲಾಗಿದ್ದರೆ ಹೊಸಬನು ನನ್ನ ಕಾಗದ ಒಡೆದು ಓದಬಹುದಿತ್ತು. ಆದರೆ ನಾನೆಂದು ಹೇಳಿಕೊಂಡು ಪಾಠ ಮಾಡಲು ಬರುತ್ತಿರಲಿಲ್ಲ.

ಹಾಗಾದರೆ ಸಿನೇಮ್ ಕೆಟ್ಟದೇ? ನನ್ನ ವಿದ್ಯಾರ್ಥಿಯ ಮಗ ಹಾಗೆ ವಾದಿಸುತ್ತಾನಂತೆ. ಅದನ್ನು ನಾನು ಒಪ್ಪುವುದಿಲ್ಲ. ಸಂಖ್ಯೆಯನ್ನೇ ಬರೆದಿಟ್ಟರೆ ನಾವು ಸ್ವತಂತ್ರರೆಂಬುದು ಭ್ರಮೆ. ಆ ಸಂಖ್ಯೆಯೂ ಕಂಪೆನಿಯದೇ ತಾನೇ? ನಮ್ಮ ಊರುಗಳ ಪಿನ್‌ಕೋಡು 1972ರಲ್ಲಿ ಬಂದದ್ದು. ಬಂಟ್ವಾಳಕ್ಕೆ 574211, ಬೆಳ್ತಂಗಡಿಗೆ 574214, ಮೂಡಬಿದಿರೆಗೆ 574227 ಎಂದು ಕಣ್ಣುಮುಚ್ಚಿ ಬರೆಯುತ್ತೇವೆ. ಐಪಿ ಸಂಖ್ಯೆ ಅಷ್ಟು ಸ್ಥಿರವಲ್ಲ. ಕಂಪೆನಿಯವರು ಯಂತ್ರ ಬದಲಿಸಿದರೆ ಅದೂ ಬದಲಾದೀತು. ನಮಗೆ ಬರೆದ ಸೂಚನೆ ಯಾರೂ ತೆರೆಯದ ಅಂಚೆಪೆಟ್ಟಿಗೆಯಲ್ಲಿ ಬಿದ್ದಿದ್ದೀತು. ಊರಿನ ಗ್ರಂಥಾಲಯವೊಂದರ ತಾಣ ಹೀಗೆಯೇ ಒಂದು ಬೇಸಿಗೆ ರಜೆಯಿಡೀ ಕತ್ತಲಲ್ಲಿತ್ತು. ಬಿಟ್ಟುಕೊಟ್ಟ ಸಂಖ್ಯೆ ಬೇರೆಯವರ ಪಾಲಾಗುವ ಅಪಾಯವೂ ಇದ್ದೇ ಇದೆ.

ಬುಡದ ಹೆಸರಿನ ಸಮಸ್ಯೆಗೆ ಈಚೆಗೆ ಪರಿಹಾರಗಳು ಹುಟ್ಟಿಕೊಂಡಿವೆ. ಕ್ಲೌಡ್‌ಫ್ಲೇರ್ ಕಂಪೆನಿ 2014ರಲ್ಲಿ ಒಂದು ಉಪಾಯ ಬಳಕೆಗೆ ತಂದಿತು: ನೀವು ಸಿನೇಮ್‌ನಂತೆ ಬರೆಯಿರಿ, ನಾವು ಆ ಹೆಸರಿನ ಸಂಖ್ಯೆಯನ್ನು ಹುಡುಕಿ, ಕೇಳಿದವರಿಗೆ ಎ ದಾಖಲೆಯನ್ನಾಗಿ ಕೊಡುತ್ತೇವೆ ಎಂದು. ಹೊರಗಿನವರಿಗೆ ಸಿನೇಮ್ ಕಾಣುವುದೇ ಇಲ್ಲವಾದುದರಿಂದ ನಿಯಮಭಂಗವಿಲ್ಲ, ಎಂಎಕ್ಸ್ ಸುರಕ್ಷಿತ. ಬೇರೆ ಕೆಲವರು ಇದನ್ನೇ "ಅಲಿಯಾಸ್" ಎಂಬ ಹೆಸರಿನಲ್ಲಿ ಕೊಡುತ್ತಾರೆ. 2023ರ ನವೆಂಬರಿನಲ್ಲಿ ಆರ್‌ಎಫ್‌ಸಿ 9460 ಎಂಬ ಹೊಸ ಪ್ರಕಟಣೆ ಎಚ್‌ಟಿಟಿಪಿಎಸ್ ಎಂಬ ಹೆಸರಿನ ದಾಖಲೆಯನ್ನೇ ತಂದಿದೆ. ತಾಣಕ್ಕೆ ಮಾತ್ರ ಬೇರೆ ಹೆಸರು, ಉಳಿದುದಕ್ಕೆ ಎಂದಿನಂತೆ ಎಂಬ ಏರ್ಪಾಡು ಅದರಲ್ಲಿದೆ. ಅಂಚೆಯವನು ಅರುವತ್ತು ವರ್ಷಗಳ ಹಿಂದೆಯೇ ಮಾಡುತ್ತಿದ್ದ ವಿಂಗಡಣೆ ಕಡೆಗೂ ಡಿಎನ್‌ಎಸ್‌ಗೆ ಬಂದಿತೆನ್ನಬಹುದು. ಎಲ್ಲ ತಂತ್ರಾಂಶಗಳೂ ಅದನ್ನು ತಿಳಿದುಕೊಳ್ಳುವ ತನಕ ಅದೊಂದನ್ನೇ ನೆಚ್ಚುವಂತಿಲ್ಲ.

ಸಂಘದವರಿಗೆ ಇನ್ನೊಂದು ತೊಡಕಿತ್ತು, ಕಾಗುಣಿತದ್ದು. ಮೂಡಬಿದಿರೆಯನ್ನು ಇಂಗ್ಲಿಷಿನಲ್ಲಿ ಒಂದು ಯು ಹಾಕಿ ಬರೆಯುವವರು, ಎರಡು ಓ ಹಾಕುವವರು, ನಡುವೆ ಎ ಸೇರಿಸುವವರು ಎಲ್ಲರೂ ಇದ್ದಾರೆ. ಬೆಳ್ತಂಗಡಿಗೆ ಎಚ್ ಬೇಕೇ ಬೇಡವೇ, ಕೊನೆಗೆ ವೈಯೋ ಐಯೋ? ಬಂಟ್ವಾಳವನ್ನು ಬ್ರಿಟಿಷರು ಯು ಹಾಕಿ ಬರೆಯುತ್ತಿದ್ದರು. ಹಾಗಾಗಿ ಅವರು ಮೂರು ನಾಲ್ಕು ಡೊಮೈನ್ ಕೊಂಡು ಇಟ್ಟಿದ್ದಾರೆ. ಇವಕ್ಕೆಲ್ಲ ಸಿನೇಮ್ ಹಾಕಿಬಿಡಬಹುದೇ ಎಂದು ಕೇಳಿದನು. ಹಾಕಿದರೆ ದಾರಿ ಮಾತ್ರ ತಿಳಿಯುತ್ತದೆ. ಬಂದವರು ಹೇಳುವ ಹೆಸರು ತಪ್ಪು ಕಾಗುಣಿತದ್ದಾಗಿಯೇ ಉಳಿಯುತ್ತದೆ, ಆ ಹೆಸರಿನ ಕೋಣೆಯಿಲ್ಲದಿದ್ದರೆ ಯಂತ್ರ ಬಾಗಿಲು ತೆರೆಯುವುದಿಲ್ಲ. ತಾಣದ ಮಟ್ಟದಲ್ಲಿಯೇ "ಸರಿಯಾದ ಹೆಸರಿಗೆ ಹೋಗಿ" ಎಂದು ಮರುನಿರ್ದೇಶ ಮಾಡಿಸುವುದು ಒಳ್ಳೆಯದು ಎಂದೆ.

ಉಳಿದಂತೆ ನಾನು ಹೇಳಿದುದು ಇಷ್ಟು. ಡಬ್ಲ್ಯುಡಬ್ಲ್ಯುಡಬ್ಲ್ಯು ಹೆಸರಿಗೆ ಧೈರ್ಯವಾಗಿ ಸಿನೇಮ್ ಹಾಕು. ಅದಕ್ಕೆ ಬೇರೆ ಆಸ್ತಿಯಿಲ್ಲ. ಬರಿಯ ಹೆಸರಿಗೆ ಸಿನೇಮ್ ಹಾಕಲೇಬೇಡ. ಕಂಪೆನಿ ಕೊಟ್ಟ ಸಂಖ್ಯೆಯನ್ನು ಎ ದಾಖಲೆಯಾಗಿ ಬರೆ, ಇಲ್ಲವೇ ನಿಮ್ಮ ನೋಂದಣಿದಾರರಲ್ಲಿ ಅಲಿಯಾಸ್ ಸೌಲಭ್ಯವಿದ್ದರೆ ಅದನ್ನು ಬಳಸು. ಎಂಎಕ್ಸ್ ದಾಖಲೆ ಯಾವ ಹೆಸರನ್ನು ತೋರಿಸುತ್ತದೆಯೋ ಆ ಹೆಸರೂ ಅಡ್ಡಹೆಸರಾಗಿರಬಾರದು. 1997ರ ಆರ್‌ಎಫ್‌ಸಿ 2181 ಇದನ್ನು ಸ್ಪಷ್ಟವಾಗಿ ಹೇಳಿದೆ. ಹಳೆಯ ಕಂಪೆನಿಯನ್ನು ಬಿಡುವ ದಿನ ಮೊದಲು ಸಿನೇಮ್ ಅಳಿಸು, ಆಮೇಲೆ ಸೇವೆ ನಿಲ್ಲಿಸು, ಹಿಂದುಮುಂದು ಮಾಡಬೇಡ. ಯಾವ ಹೆಸರು ಎಲ್ಲಿಗೆ ಕೈತೋರಿಸುತ್ತದೆ ಎಂಬುದನ್ನು ಸಂಘದ ನಡವಳಿ ಪುಸ್ತಕದಲ್ಲಿ ಬರೆದಿಡು. ಕಾರ್ಯದರ್ಶಿ ಬದಲಾದರೂ ಪುಸ್ತಕ ಉಳಿಯುತ್ತದೆ.

"ನಡವಳಿ ಪುಸ್ತಕದಲ್ಲೇ? ಕಂಪ್ಯೂಟರಿನಲ್ಲಿ ಸಾಲದೇ ಮಾಸ್ಟ್ರೇ?" ಎಂದು ನಕ್ಕನು.

ಕಳೆದ ಭಾನುವಾರ ಅವನ ಮಿಂಚಂಚೆ ಬಂದಿತು. ತಾಣ ಬರಿಯ ಹೆಸರಿನಲ್ಲಿಯೂ ಮೂರು ಡಬ್ಲ್ಯು ಹಾಕಿದರೂ ತೆರೆಯುತ್ತಿದೆಯಂತೆ. ಜೊತೆಗೆ ನಡವಳಿ ಪುಸ್ತಕದ ಪುಟವೊಂದರ ಚಿತ್ರವೂ ಇತ್ತು: ಎಡಗಡೆ ಹೆಸರುಗಳು, ಬಲಗಡೆ ಅವು ತೋರಿಸುವ ಸ್ಥಳ, ಕೆಳಗೆ ಅಧ್ಯಕ್ಷರ ರುಜು. ಕಾಗದ ಬಂದದ್ದು ಸಂಘದ ಹೊಸ ವಿಳಾಸದಿಂದಲೇ. ನಾನು ಕೂಡಲೇ ಅದೇ ವಿಳಾಸಕ್ಕೆ ಉತ್ತರ ಬರೆದು, ತಲಪಿದ್ದಕ್ಕೆ ಒಂದು ಸಾಲು ಬರೆಯಲು ಹೇಳಿದೆ. ಹತ್ತು ನಿಮಿಷದಲ್ಲಿ ಬಂದಿತು.